ತರಗತಿಯಲ್ಲಿ ಕುರಿ ಹೃದಯ: ಕತ್ತರಿ ಹಿಡಿಯುವ ಮೊದಲು ಮತ್ತು ಆಮೇಲೆ

ಜೀವಶಾಸ್ತ್ರ ಕಲಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೈಸ್ಕೂಲ್ ಮಕ್ಕಳ ಕೈಗೆ ನಿಜವಾದ ಅಂಗ ಕೊಟ್ಟು ಅಂಗರಚನೆ ಕಲಿಸಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?" ಇಡೀ ಪ್ರಾಣಿ ಬೇಡ. ಒಂದು ಹೃದಯದಿಂದ ಶುರು ಮಾಡಿ. ಕುರಿಯದಾದರೂ ಸರಿ, ಮೇಕೆಯದಾದರೂ ಸರಿ. ಹಂದಿಯ ಹೃದಯ ಗಾತ್ರದಲ್ಲೂ ಆಕಾರದಲ್ಲೂ ಮನುಷ್ಯನದಕ್ಕೆ ಇನ್ನೂ ಹತ್ತಿರ.

ಹೃದಯವೇ ಯಾಕೆ? ಭಾಗಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಮಾಂಸಕ್ಕಾಗಿ ಕಡಿದ ಪ್ರಾಣಿಯಿಂದ ಅದು ಸಿಗುತ್ತದೆ, ಪಾಠಕ್ಕೆಂದೇ ಒಂದು ಜೀವ ತೆಗೆಯಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಯಕೃತ್ತನ್ನು ಕತ್ತರಿಸಿದರೆ ಒಳಗೂ ಯಕೃತ್ತೇ ಕಾಣುತ್ತದೆ. ಹೃದಯಕ್ಕೆ ನೀರು ಹೊಯ್ದರೆ ಕವಾಟ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪಾಠದಲ್ಲಿ ಕತ್ತರಿಸುವುದು ಚಿಕ್ಕ ಭಾಗ. ನೋಡಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತರಿ ಮುಟ್ಟುವ ಮೊದಲೇ ಸಿಗುತ್ತದೆ. ಅವಸರಕ್ಕೆ ಕತ್ತರಿಸಿದರೆ ಅದು ಮತ್ತೆ ಸಿಗುವುದಿಲ್ಲ.

ಏನೇನು ಬೇಕು

ಮೂರು ಅಥವಾ ನಾಲ್ಕು ಮಕ್ಕಳಿಗೆ ಒಂದು ಹೃದಯ. ಅದಕ್ಕಿಂತ ದೊಡ್ಡ ಗುಂಪಾದರೆ ಹಿಂದೆ ನಿಂತವರು ಸುಮ್ನೆ ಹರಟುತ್ತಾರೆ. ಪ್ರತಿ ಗುಂಪಿಗೆ ಅಂಚಿರುವ ಒಂದು ಟ್ರೇ, ಒಂದು ತುದಿ ಮೊಂಡಾಗಿರುವ ಕತ್ತರಿ, ಚಿಮುಟ, ಮೊಂಡು ತುದಿಯ ಕಡ್ಡಿ, ಸ್ಕೇಲು, ನೀರಿನ ಬಾಟಲಿ, ಕೆಂಪು ಮತ್ತು ನೀಲಿ ಬಣ್ಣದ ಉಣ್ಣೆ ದಾರ. ಎಲ್ಲರಿಗೂ ಗ್ಲೌಸ್, ಏಪ್ರನ್, ಕಣ್ಣು ಕಾಯುವ ಕನ್ನಡಕ. ಕೆಲವರಿಗೆ ಲ್ಯಾಟೆಕ್ಸ್ ಅಲರ್ಜಿ ಇರುತ್ತದೆ, ಹಾಗಾಗಿ ನೈಟ್ರೈಲ್ ಗ್ಲೌಸ್ ತರಿಸಿ.

ಸ್ಕಾಲ್ಪೆಲ್, ಅಂದರೆ ಶಸ್ತ್ರಚಿಕಿತ್ಸೆಯ ಚೂಪು ಚಾಕು, ಮಕ್ಕಳ ಕೈಗೆ ಬೇಡ. ಈ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ. ಒದ್ದೆ ಮಾಂಸದ ಮೇಲೆ ಬ್ಲೇಡು ಜಾರುತ್ತದೆ. ಆಗ ಗಾಯವಾಗುವುದು ಹೃದಯ ಹಿಡಿದುಕೊಂಡ ಇನ್ನೊಂದು ಕೈಗೆ.

ಹೃದಯ ತರಿಸುವಾಗ ಒಂದು ಮಾತು ಒತ್ತಿ ಹೇಳಿ: "ನಾಳಗಳ ಸಮೇತ ಬೇಕು, ಚೊಕ್ಕ ಮಾಡಬೇಡಿ." ಹೇಳದಿದ್ದರೆ ಮೇಲಿನ ಎರಡು ಕೋಣೆಗಳನ್ನೂ ನಾಳಗಳನ್ನೂ ಕೊಯ್ದು ಎಸೆದು, ಬರೀ ಮಾಂಸದ ಮುದ್ದೆ ಕೊಡುತ್ತಾರೆ. ಶ್ವಾಸಕೋಶ, ಶ್ವಾಸನಾಳ, ಹೃದಯ ಮೂರೂ ಅಂಟಿಕೊಂಡೇ ಸಿಕ್ಕರೆ ಇನ್ನೂ ಒಳ್ಳೆಯದು. ಮಾಂಸ ತಪಾಸಣೆಗೆ ಹೃದಯವನ್ನು ಸೀಳುವ ಪದ್ಧತಿ ಹಲವು ಕಡೆ ಇದೆ. ಅಂಥದ್ದು ಬಂದರೆ ಎಸೆಯಬೇಡಿ, ಮೂರನೇ ಹಂತದ ಮೊದಲ ಪರೀಕ್ಷೆಗೆ ಅದೂ ಆಗುತ್ತದೆ.

ತಂದದ್ದನ್ನು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದೊಳಗೆ ಬಳಸಿ. ಇನ್ನೂ ತಡವಾಗುವುದಾದರೆ ಫ್ರೀಜರ್‌ಗೆ ಹಾಕಿ, ಪಾಠದ ಹಿಂದಿನ ರಾತ್ರಿ ಫ್ರಿಜ್ಜಿಗೆ ಬದಲಿಸಿ. ಬಿಸಿನೀರಿನಲ್ಲಿ ಕರಗಿಸಲು ಹೋಗಬೇಡಿ. ಹೊರಭಾಗ ಮೆತ್ತಗಾಗಿ ವಾಸನೆ ಹೊಡೆಯುತ್ತದೆ, ಒಳಗೆ ಇನ್ನೂ ಮಂಜುಗಡ್ಡೆಯೇ ಇರುತ್ತದೆ.

ಫಾರ್ಮಾಲಿನ್‌ನಲ್ಲಿ ಇಟ್ಟ ಮಾದರಿ ಬಳಸಬಹುದಾ ಅಂತ ಕೇಳುವವರಿದ್ದಾರೆ. ಫಾರ್ಮಾಲಿನ್ ಅಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿಸಿದ ನೀರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಅದು ಹಾಗಿರಲಿ, ಅದರಲ್ಲಿ ನೆನೆದ ಹೃದಯ ಬೂದು ಬಣ್ಣಕ್ಕೆ ತಿರುಗಿ ರಬ್ಬರಿನಂತೆ ಬಿಗಿಯುತ್ತದೆ. ಕವಾಟಗಳು ಅಲುಗುವುದೇ ಇಲ್ಲ. ಅಲುಗದ ಕವಾಟ ನೋಡುವುದಕ್ಕೆ ಪುಸ್ತಕದ ಚಿತ್ರವೇ ಸಾಕಲ್ವಾ?

ಹಂತ 1: ಮೊದಲು ಮಕ್ಕಳನ್ನು ಕೇಳಿ

ಒಂದು ವಾರ ಮುಂಚೆ ಮಕ್ಕಳಿಗೂ ಪೋಷಕರಿಗೂ ತಿಳಿಸಿ. ಯಾವ ಪ್ರಾಣಿ, ಯಾವ ಅಂಗ, ಎಲ್ಲಿಂದ ಬಂದದ್ದು, ಎಲ್ಲವನ್ನೂ ಹೇಳಿ. ಧರ್ಮ, ಆಹಾರ ಪದ್ಧತಿ, ಮನಸ್ಸಿಗೆ ಆಗಿಬಾರದಿರುವುದು, ಬೇಡ ಅನ್ನಲು ಇದರಲ್ಲಿ ಯಾವ ಕಾರಣವಾದರೂ ಸಾಕು. ಎಲ್ಲರೆದುರು ಕೈ ಎತ್ತಿಸಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲರೆದುರು ಕೇಳಿದರೆ ಹೆದರಿದ ಮಗುವೂ "ನನಗೇನೂ ಇಲ್ಲ" ಅನ್ನುತ್ತದೆ.

ಬೇಡ ಅಂದವರಿಗೆ ಕೊಡುವ ಕೆಲಸ ಶಿಕ್ಷೆಯಂತಿರಬಾರದು. ಬಿಡಿಸಿ ಜೋಡಿಸುವ ಪ್ಲಾಸ್ಟಿಕ್ ಮಾದರಿ, ಕಂಪ್ಯೂಟರಿನ ಮೂರು ಆಯಾಮದ ಮಾದರಿ, ಜೇಡಿಮಣ್ಣಿನಿಂದ ನಾಲ್ಕು ಕೋಣೆ ಕಟ್ಟುವುದು, ಇವೆಲ್ಲ ಒಳ್ಳೆಯ ಕೆಲಸಗಳೇ. ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ, ಅಂಕವೂ ಒಂದೇ. "ಹತ್ತು ಪುಟ ಪ್ರಬಂಧ ಬರಿ" ಅಂದರೆ ಆಯ್ಕೆ ಕೊಟ್ಟ ಹಾಗಾಗಲಿಲ್ಲ.

ಪ್ರಾಣಿಗಳ ಭಾಗವನ್ನು ತರಗತಿಯಲ್ಲಿ ಬಳಸುವ ನಿಯಮ ದೇಶಕ್ಕೊಂದು, ಶಿಕ್ಷಣ ಮಂಡಳಿಗೊಂದು ಇರುತ್ತದೆ. ನಿಮ್ಮ ಕಡೆಯ ನಿಯಮ ಓದಿ, ಮುಖ್ಯಶಿಕ್ಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ಇನ್ನೊಂದು ವಿಷಯ. ಪಾಠಕ್ಕೆ ಮುಂಚೆ ನೀವೊಬ್ಬರೇ ಕೂತು ಒಂದು ಹೃದಯವನ್ನು ಪೂರ್ತಿ ಬಿಡಿಸಿ ನೋಡಿ. ಕವಾಟ ಎಲ್ಲಿದೆ ಅಂತ ಮಕ್ಕಳ ಜೊತೆ ನೀವೂ ಹುಡುಕುತ್ತಾ ನಿಂತರೆ ಒಂದು ಪೀರಿಯಡ್ ಹಾಗೇ ಕಳೆದುಹೋಗುತ್ತದೆ. ಸಮಯವಂತೂ ಎರಡು ಪೀರಿಯಡ್ ಒಟ್ಟಿಗೆ ಬೇಕು.

ಹಂತ 2: ಎಡ ಯಾವುದು, ಬಲ ಯಾವುದು

ತರಗತಿ ಜಾಸ್ತಿ ಎಡವುವುದು ಇಲ್ಲಿಯೇ. ಇದು ತಪ್ಪಿದರೆ ಮುಂದಿನದ್ದೆಲ್ಲ ತಲೆಕೆಳಗು. ಹಾಗಾಗಿ ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಹೃದಯವನ್ನು ತಣ್ಣೀರಿನಲ್ಲಿ ತೊಳೆದು, ಒಳಗಿನ ಹೆಪ್ಪುಗಟ್ಟಿದ ರಕ್ತವನ್ನು ಹೊರಗೆ ತೆಗೆಯಿರಿ. ಬಿಟ್ಟರೆ ಮಕ್ಕಳು ಆ ಕಪ್ಪು ಮುದ್ದೆಯನ್ನೇ ಒಂದು ಭಾಗ ಅಂದುಕೊಂಡು ಚಿತ್ರ ಬರೆಯುತ್ತಾರೆ. ಹೊರಗೆ ತೆಳುವಾದ ಚೀಲವೊಂದು ಉಳಿದಿದ್ದರೆ ಅದು ಹೃದಯದ ಹೊದಿಕೆ. ಅದನ್ನು ತೋರಿಸಿ, ಆಮೇಲೆ ಸುಲಿಯಿರಿ.

ಈಗ ಕಣ್ಣು ಮುಚ್ಚಿ ಎರಡೂ ಪಕ್ಕಗಳನ್ನು ಒತ್ತಿ ನೋಡಲು ಹೇಳಿ. ಗಟ್ಟಿಯಾಗಿರುವ ಪಕ್ಕ ಎಡ. ಮೆತ್ತಗೆ ಒಳಗೆ ಹೋಗುವ ಪಕ್ಕ ಬಲ. ಕೆಳಗಿನ ಚೂಪು ತುದಿಯೂ ಎಡಭಾಗಕ್ಕೇ ಸೇರಿದ್ದು. ಹೃದಯದ ಮುಂಭಾಗ ಉಬ್ಬಿರುತ್ತದೆ, ಅದರ ಮೇಲೆ ಕೊಬ್ಬು ತುಂಬಿದ ಒಂದು ಗೆರೆ ಓರೆಯಾಗಿ ಇಳಿಯುತ್ತದೆ. ಒಳಗೆ ಎಡ ಬಲ ಕೋಣೆಗಳ ನಡುವಿನ ಗೋಡೆ ಆ ಗೆರೆಯ ಕೆಳಗೇ ಇದೆ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಪರಿಧಮನಿಯ ಒಂದು ಕವಲು ಅದೇ ಗೆರೆಯಲ್ಲಿ ಹರಿಯುತ್ತದೆ. ಹೃದಯಾಘಾತದಲ್ಲಿ ಕಟ್ಟಿಕೊಳ್ಳುವುದು ಇಂಥ ನಾಳವೇ.

ಮುಂಭಾಗವನ್ನು ನಿಮ್ಮ ಕಡೆ ತಿರುಗಿಸಿ ಹಿಡಿದರೆ, ಹೃದಯದ ಎಡ ನಿಮ್ಮ ಬಲಗೈ ಕಡೆ ಬರುತ್ತದೆ. ಎದುರಿಗೆ ನಿಂತ ವ್ಯಕ್ತಿಯ ಎಡಗೈ ನಮಗೆ ಬಲಗಡೆ ಕಾಣುತ್ತದಲ್ಲ, ಹಾಗೆ. ಟ್ರೇಯ ಅಂಚಿಗೆ "ಎಡ", "ಬಲ" ಅಂತ ಚೀಟಿ ಅಂಟಿಸಿಬಿಡಿ.

ಹಂತ 3: ಕಡ್ಡಿ, ದಾರ, ನೀರು

ಮೊದಲು ನಾಲ್ಕು ಪದ. ಹೃತ್ಕರ್ಣ ಅಂದರೆ ರಕ್ತ ಬಂದು ಸೇರುವ ಮೇಲಿನ ಕೋಣೆ. ಹೃತ್ಕುಕ್ಷಿ ಅಂದರೆ ರಕ್ತವನ್ನು ತಳ್ಳುವ ಕೆಳಗಿನ ಕೋಣೆ. ಅಪಧಮನಿ ಹೃದಯದಿಂದ ಹೊರಡುವ ನಾಳ, ಅಭಿಧಮನಿ ಹೃದಯಕ್ಕೆ ಬರುವ ನಾಳ. ಈ ಹಂತಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಮೇಲ್ಭಾಗದ ತೂತುಗಳನ್ನು ಬೆರಳಿಂದ ಮುಟ್ಟಿ ನೋಡಿ. ದಪ್ಪ ಗೋಡೆಯಿದ್ದು, ಬಿಟ್ಟರೂ ಬಾಯಿ ತೆರೆದೇ ಇರುವವು ಅಪಧಮನಿಗಳು. ತೆಳ್ಳಗೆ ಕುಸಿದು ಅಂಟಿಕೊಂಡಿರುವವು ಅಭಿಧಮನಿಗಳು. ಕಡ್ಡಿಯನ್ನು ಒಂದೊಂದರೊಳಗೂ ಮೆಲ್ಲಗೆ ಇಳಿಸಿ. ಎಲ್ಲಿಗೆ ಹೋಗಿ ತಲುಪಿತು ಅನ್ನುವುದನ್ನು ಹೊರಗಿನಿಂದ ಇನ್ನೊಂದು ಕೈಯಲ್ಲಿ ಮುಟ್ಟಿ ಗುರುತಿಸಿ.

ಮಹಾಪಧಮನಿಯಿಂದ, ಅಂದರೆ ಇಡೀ ದೇಹಕ್ಕೆ ರಕ್ತ ಒಯ್ಯುವ ಅತಿ ದೊಡ್ಡ ಅಪಧಮನಿಯಿಂದ, ಇಳಿದ ಕಡ್ಡಿ ಗಟ್ಟಿ ಪಕ್ಕಕ್ಕೆ, ಎಡ ಹೃತ್ಕುಕ್ಷಿಗೆ ಹೋಗುತ್ತದೆ. ಅದರ ಮುಂದಿರುವ ಶ್ವಾಸಕೋಶದ ಅಪಧಮನಿಯಿಂದ ಇಳಿದದ್ದು ಮೆತ್ತನೆ ಪಕ್ಕಕ್ಕೆ. ದೇಹದಿಂದ ರಕ್ತ ವಾಪಸ್ ತರುವ ಮಹಾಅಭಿಧಮನಿಯಿಂದ ಬಲ ಹೃತ್ಕರ್ಣ, ಹಿಂಭಾಗದ ಶ್ವಾಸಕೋಶದ ಅಭಿಧಮನಿಗಳಿಂದ ಎಡ ಹೃತ್ಕರ್ಣ. ಪ್ರತಿ ದಾರಿಯಲ್ಲೂ ದಾರ ಪೋಣಿಸಿ. ಆಮ್ಲಜನಕ ಕಡಿಮೆ ಇರುವ ರಕ್ತದ ದಾರಿಗೆ ನೀಲಿ, ಜಾಸ್ತಿ ಇರುವ ರಕ್ತದ ದಾರಿಗೆ ಕೆಂಪು. ಶ್ವಾಸಕೋಶದ ಅಪಧಮನಿಗೆ ನೀಲಿ ದಾರ ಬರುತ್ತದೆ. "ಅಪಧಮನಿ ಅಂದ್ರೆ ಶುದ್ಧ ರಕ್ತ" ಅಂತ ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ. ತಡವರಿಸಲಿ ಬಿಡಿ, ಉತ್ತರ ಹೇಳಲು ಅವಸರ ಬೇಡ. ನೀಲಿ ರಕ್ತ ಅನ್ನುವುದೊಂದಿಲ್ಲ, ಆಮ್ಲಜನಕ ಕಡಿಮೆಯಾದ ರಕ್ತ ಗಾಢ ಕೆಂಪಾಗಿರುತ್ತದೆ ಅಂತಲೂ ಇಲ್ಲೇ ಹೇಳಿಬಿಡಿ.

ಪುಸ್ತಕಕ್ಕೂ ಟ್ರೇಗೂ ಹೊಂದದ ಒಂದು ಜಾಗ ಇಲ್ಲಿದೆ. ಮನುಷ್ಯನ ಮಹಾಪಧಮನಿಯ ಕಮಾನಿನಿಂದ ಸಾಮಾನ್ಯವಾಗಿ ಮೂರು ದೊಡ್ಡ ಕವಲು ಹೊರಡುತ್ತವೆ. ಕುರಿ ಮತ್ತು ಮೇಕೆಯಲ್ಲಿ ಒಂದೇ ದಪ್ಪ ಕವಲು ಹೊರಟು ಆಮೇಲೆ ಒಡೆಯುತ್ತದೆ. ಹಂದಿಯಲ್ಲಿ ಎರಡು. ಮಕ್ಕಳು "ಇನ್ನೆರಡು ಎಲ್ಲಿ?" ಅಂತ ಕೇಳಿದರೆ ಅವರು ಸರಿಯಾಗಿ ನೋಡುತ್ತಿದ್ದಾರೆ ಅಂತ ಅರ್ಥ.

ಈಗ ನೀರು. ಹೃದಯವನ್ನು ನೆಟ್ಟಗೆ ಹಿಡಿದು ಶ್ವಾಸಕೋಶದ ಅಪಧಮನಿಯೊಳಗೆ ಮೇಲಿನಿಂದ ನಿಧಾನವಾಗಿ ನೀರು ಹೊಯ್ಯಿರಿ. ನೀರು ಕೆಳಗೆ ಇಳಿಯದೆ ನಾಳದಲ್ಲೇ ನಿಲ್ಲುತ್ತದೆ. ಮೇಲಿನಿಂದ ಇಣುಕಿದರೆ ಮೂರು ಬಟ್ಟಲುಗಳು ತುಂಬಿ ಒಂದಕ್ಕೊಂದು ಅಂಟಿಕೊಂಡದ್ದು ಕಾಣುತ್ತದೆ. ಇದೇ ಅರ್ಧಚಂದ್ರ ಕವಾಟ. ಅದನ್ನು ಮುಚ್ಚಿದ್ದು ಯಾವ ಸ್ನಾಯುವೂ ಅಲ್ಲ, ಹಿಂದಕ್ಕೆ ಬಂದ ನೀರಿನ ಭಾರ. ಮಹಾಪಧಮನಿಯಲ್ಲೂ ಹೀಗೇ ಮಾಡಿ. ಅಲ್ಲಿ ನೀರು ಮೆಲ್ಲಗೆ ಇಳಿದರೆ ಗಾಬರಿ ಬೇಡ, ಕವಾಟದ ಮೇಲೇ ಪರಿಧಮನಿಗಳ ಬಾಯಿ ಇದೆ, ಸ್ವಲ್ಪ ಅದರಲ್ಲಿ ಹೋಗುತ್ತದೆ. ಕೆಳಗಿನ ಕೋಣೆ ಸೀಳಿದ್ದರೂ ಈ ಪರೀಕ್ಷೆ ಕೆಲಸ ಮಾಡುತ್ತದೆ.

ಕೋಣೆ ಸೀಳದ ಹೃದಯ ಸಿಕ್ಕಿದ್ದರೆ ಇನ್ನೊಂದನ್ನೂ ಮಾಡಿ. ಎಡ ಹೃತ್ಕರ್ಣದ ಮೇಲ್ಭಾಗವನ್ನು ತೆರೆದು, ಕೆಳಗಿನ ಕೋಣೆಗೆ ನೀರು ತುಂಬಿಸಿ. ಒಬ್ಬರು ಮಹಾಪಧಮನಿಯನ್ನು ಬಿಗಿಯಾಗಿ ಚಿವುಟಿ ಹಿಡಿಯಲಿ. ಇನ್ನೊಬ್ಬರು ಹೃತ್ಕುಕ್ಷಿಯನ್ನು ಹೊರಗಿನಿಂದ ಒತ್ತಲಿ. ಎರಡು ಬಿಳಿ ಪರದೆಗಳು ಉಬ್ಬಿ ಮೇಲೆದ್ದು ದಾರಿ ಮುಚ್ಚುತ್ತವೆ. ಇಡೀ ಪಾಠದಲ್ಲಿ ಇದೇ ನನಗೆ ಅತ್ಯಂತ ಇಷ್ಟದ ಗಳಿಗೆ. ಕನ್ನಡಕ ಮರೆಯಬೇಡಿ, ನೀರು ಚಿಮ್ಮುತ್ತದೆ.

ಇಷ್ಟಾದ ಮೇಲೆ ಎಲ್ಲರೂ ಒಂದು ಚಿತ್ರ ಬರೆಯಲಿ. ಪುಸ್ತಕ ನೋಡಿ ಅಲ್ಲ, ಟ್ರೇ ನೋಡಿ.

ಹಂತ 4: ಈಗ ಕತ್ತರಿ

ಕತ್ತರಿಯ ಮೊಂಡು ತುದಿ ಒಳಗೆ, ಚೂಪು ತುದಿ ಹೊರಗೆ. ಕತ್ತರಿಸುವಾಗ ಗೋಡೆಯನ್ನು ಮೇಲಕ್ಕೆ ಎತ್ತಿಕೊಳ್ಳಿ. ಒಬ್ಬರು ಕತ್ತರಿಸುವಾಗ ಇನ್ನೊಬ್ಬರ ಬೆರಳು ಟ್ರೇಯೊಳಗೆ ಇರಬಾರದು.

ಮೊದಲ ಕೊಯ್ತ ಬಲಭಾಗದ್ದು. ಮಹಾಅಭಿಧಮನಿಯಲ್ಲಿ ಕತ್ತರಿ ಇಳಿಸಿ, ಬಲ ಹೃತ್ಕರ್ಣದ ಹೊರಗೋಡೆಯ ಮೂಲಕ ಹೃತ್ಕುಕ್ಷಿಯ ತಳದವರೆಗೆ ಒಂದೇ ಗೆರೆಯಲ್ಲಿ ಹೋಗಿ. ಓರೆ ಗೆರೆಯಿಂದ ದೂರ ಇರಿ, ಇಲ್ಲದಿದ್ದರೆ ನಡುಗೋಡೆಯನ್ನೇ ಸೀಳುತ್ತೀರಿ. ಕವಾಟದ ಒಂದು ಪರದೆ ಕತ್ತರಿಗೆ ಸಿಕ್ಕೇ ಸಿಗುತ್ತದೆ. ಪರವಾಗಿಲ್ಲ.

ತೆರೆದು ನೋಡಿದರೆ ಮೂರು ಪರದೆಗಳ ಕವಾಟ. ಪ್ರತಿ ಪರದೆಯ ಅಂಚಿನಿಂದ ಬಿಳಿ ಎಳೆಗಳು ಇಳಿದು, ಗೋಡೆಯಿಂದ ಎದ್ದ ಸ್ನಾಯು ಗುಬಟುಗಳಿಗೆ ಸೇರುತ್ತವೆ. ಈ ಎಳೆಗಳು ಕವಾಟವನ್ನು ಎಳೆದು ತೆರೆಯುತ್ತವೆ ಅಂತ ಬಹಳ ಮಕ್ಕಳು ಬರೆಯುತ್ತಾರೆ. ಅದು ತಪ್ಪು. ಪರದೆ ಮುಚ್ಚಿದಾಗ ಮೇಲಿನ ಕೋಣೆಯೊಳಕ್ಕೆ ಮಗುಚಿ ಹೋಗದಂತೆ ತಡೆಯುವುದು ಅವುಗಳ ಕೆಲಸ. ಚಿಮುಟದಿಂದ ಒಂದು ಎಳೆಯನ್ನು ಜಗ್ಗಿಸಿ ನೋಡಿ, ಸುಲಭಕ್ಕೆ ಕಿತ್ತು ಬರುವುದಿಲ್ಲ.

ಬಲ ಹೃತ್ಕುಕ್ಷಿಯಲ್ಲಿ ನಡುಗೋಡೆಯಿಂದ ಹೊರಗೋಡೆಗೆ ಅಡ್ಡಲಾಗಿ ಹಾದ ಒಂದು ಸ್ನಾಯು ಪಟ್ಟಿ ಕಾಣುತ್ತದೆ. ಕುರಿಯಲ್ಲಿ ಇದು ಚೆನ್ನಾಗಿ ಎದ್ದು ಕಾಣುತ್ತದೆ. ಬಡಿತದ ವಿದ್ಯುತ್ ಸಂಕೇತವನ್ನು ಆಚೆ ಗೋಡೆಗೆ ಒಯ್ಯುವ ಎಳೆಗಳು ಇದರೊಳಗಿವೆ. ಕೊಬ್ಬಿನ ಚೂರು ಅಂದುಕೊಂಡು ಕಿತ್ತುಹಾಕುವವರೇ ಜಾಸ್ತಿ, ಮೊದಲೇ ಎಚ್ಚರಿಸಿ.

ಎರಡನೇ ಕೊಯ್ತ ಎಡ ಹೃತ್ಕರ್ಣದಿಂದ ತುದಿಯವರೆಗೆ, ಹೊರ ಅಂಚಿನಲ್ಲಿ. ಕತ್ತರಿಸುವಾಗಲೇ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕೇಲು ತೆಗೆದು ಎರಡೂ ಹೃತ್ಕುಕ್ಷಿಗಳ ಹೊರಗೋಡೆ ಅಳೆಯಿರಿ. ಎಡದ್ದು ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಬರುತ್ತದೆ. ಅಳೆಯುವುದು ನಡು ಎತ್ತರದಲ್ಲಿ, ಗುಬಟು ಬಿಟ್ಟು. ತುದಿಯಲ್ಲಿ ಅಳೆದ ಗುಂಪಿಗೆ ಬೇರೆಯೇ ಲೆಕ್ಕ ಸಿಗುತ್ತದೆ.

"ಎಡಗಡೆ ಯಾಕೆ ದಪ್ಪ?" ಅಂದರೆ "ಜಾಸ್ತಿ ರಕ್ತ ತಳ್ಳಬೇಕಲ್ಲ" ಅಂತ ಉತ್ತರ ಬರುತ್ತದೆ. ಇದನ್ನು ಇಲ್ಲಿಯೇ ತಿದ್ದಿ. ಎರಡೂ ಕಡೆ ತಳ್ಳುವ ರಕ್ತದ ಪ್ರಮಾಣ ಒಂದೇ. ಹಾಗಿಲ್ಲದಿದ್ದರೆ ರಕ್ತ ಒಂದು ಕಡೆ ತುಂಬಿಕೊಳ್ಳುತ್ತಿತ್ತು. ಬೇರೆ ಇರುವುದು ಒತ್ತಡ. ಮನುಷ್ಯನಲ್ಲಿ ಎಡ ಹೃತ್ಕುಕ್ಷಿಯ ಗರಿಷ್ಠ ಒತ್ತಡ ಸುಮಾರು 120 ಮಿಲಿಮೀಟರ್ ಪಾದರಸ, ಬಲದ್ದು ಸುಮಾರು 25. ಪಕ್ಕದ ಶ್ವಾಸಕೋಶಕ್ಕೆ ಅಷ್ಟು ಸಾಕು.

ಮೂರನೇ ಕೊಯ್ತ ಚಿಕ್ಕದು. ಎಡ ಹೃತ್ಕುಕ್ಷಿಯಿಂದ ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ಕವಾಟದ ಪರದೆಯ ಹಿಂದಿನಿಂದ ಮಹಾಪಧಮನಿಗೆ ಹೋಗುತ್ತದೆ. ಅದೇ ದಾರಿಯಲ್ಲಿ ಕತ್ತರಿಸಿ ಬಿಡಿಸಿ. ಮೂರು ಬಟ್ಟಲುಗಳು, ಅವುಗಳ ಮೇಲೆ ಎರಡು ಪುಟ್ಟ ತೂತುಗಳು ಕಾಣುತ್ತವೆ. ಅವೇ ಪರಿಧಮನಿಗಳ ಬಾಯಿ. ಮೊಂಡು ತಂತಿ ತೂರಿಸಿದರೆ ಹಂತ 2ರಲ್ಲಿ ಹೊರಗೆ ಕಂಡ ನಾಳದ ಕಡೆಗೆ ಹೊರಡುತ್ತದೆ.

ನಡುಗೋಡೆಯನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ. ಅದರ ಕೆಳಭಾಗದಲ್ಲಿ ಎಲ್ಲಾದರೂ ತೂತಿದೆಯಾ ಅಂತ ಕಡ್ಡಿಯಿಂದ ಹುಡುಕಲು ಹೇಳಿ. ಎರಡನೇ ಶತಮಾನದ ವೈದ್ಯ ಗ್ಯಾಲೆನ್, ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಸೋರುತ್ತದೆ ಅಂದಿದ್ದ. ಆ ಮಾತು ಸಾವಿರ ವರ್ಷಕ್ಕೂ ಜಾಸ್ತಿ ನಿಂತಿತು. 13ನೇ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಅದನ್ನು ಒಪ್ಪಲಿಲ್ಲ. ರಕ್ತ ಶ್ವಾಸಕೋಶದ ಮೂಲಕವೇ ಸುತ್ತಿ ಬರಬೇಕು ಅಂದ. ದೇಹದಲ್ಲಿ ರಕ್ತ ಸುತ್ತುತ್ತದೆ ಅನ್ನುವುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ. ನಿಮ್ಮ ಮಕ್ಕಳಿಗೆ ತೂತು ಸಿಗುವುದಿಲ್ಲ. ಸಿಕ್ಕಿತು ಅಂದವರು ಕಡ್ಡಿಯನ್ನು ಜೋರಾಗಿ ಚುಚ್ಚಿರುತ್ತಾರೆ. ಮೇಲಿನ ಕೋಣೆಗಳ ನಡುವೆ ಮಾತ್ರ ಒಂದು ತಗ್ಗು ಇದೆ. ಹುಟ್ಟುವ ಮುಂಚೆ ಅಲ್ಲಿ ನಿಜಕ್ಕೂ ದಾರಿ ಇತ್ತು, ಆಮೇಲೆ ಮುಚ್ಚಿಕೊಂಡಿತು.

ಹಂತ 5: ಕಲಿತರಾ?

ಬಿಡಿಸಿದ ಹೃದಯದಲ್ಲಿ ಆರೇಳು ಕಡೆ ನಂಬರ್ ಇರುವ ಪಿನ್ ಚುಚ್ಚಿ. ಬರೀ ಹೆಸರು ಕೇಳಬೇಡಿ. "ರಕ್ತ ಇಲ್ಲಿಗೆ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತದೆ, ಈ ಭಾಗ ಹರಿದರೆ ಏನಾಗುತ್ತದೆ?" ಅಂತ ಕೇಳಿ. ಅಂಗ ಮುಟ್ಟದೆ ಮಾದರಿಯಲ್ಲಿ ಕಲಿತವರಿಗೂ ಇದೇ ಪ್ರಶ್ನೆಗಳು, ಮಾದರಿಯ ಮೇಲೆ.

ಹಂತ 6: ಶುಚಿ

ಹಸಿ ಅಂಗದಲ್ಲಿ ರೋಗಾಣು ಇರಬಹುದು ಅಂತಲೇ ಲೆಕ್ಕ ಹಾಕಿ. ಆ ಕೋಣೆಯಲ್ಲಿ ಏನೂ ತಿನ್ನುವುದು ಕುಡಿಯುವುದು ಬೇಡ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಬಾರದು. ಫೋಟೋ ಬೇಕಿದ್ದರೆ ಗುಂಪಿಗೆ ಒಬ್ಬರು ಗ್ಲೌಸ್ ಹಾಕದೆ ದೂರ ನಿಂತು ತೆಗೆಯಲಿ.

ಟ್ರೇ, ಕತ್ತರಿ, ಮೇಜನ್ನು ಮೊದಲು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಆಮೇಲೆ ಬ್ಲೀಚ್ ದ್ರಾವಣ ಹಾಕಿ. ರಕ್ತ, ಕೊಬ್ಬು ಉಳಿದಿದ್ದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿದುಹೋಗುತ್ತದೆ. ಬ್ಲೀಚನ್ನು ಆಮ್ಲದ ಜೊತೆಗಾಗಲಿ, ಅಮೋನಿಯಾ ಇರುವ ಕ್ಲೀನರ್ ಜೊತೆಗಾಗಲಿ ಎಂದಿಗೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಉಳಿದ ಅಂಗವನ್ನು ಎರಡು ಚೀಲದಲ್ಲಿ ಕಟ್ಟಿ, ನಿಮ್ಮಲ್ಲಿನ ತ್ಯಾಜ್ಯ ನಿಯಮದಂತೆ ವಿಲೇವಾರಿ ಮಾಡಿ. ನಾಯಿ ಬೆಕ್ಕುಗಳ ಬಾಯಿಗೆ ಸಿಗಬಾರದು. ಗ್ಲೌಸ್ ಬಿಚ್ಚಿದ ಮೇಲೂ ಸೋಪಿನಿಂದ ಕೈ ತೊಳೆಯಬೇಕು.

ಯಾರಿಗಾದರೂ ತಲೆ ಸುತ್ತಿದರೆ ತಕ್ಷಣ ನೆಲದಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತಿಡಿ. ನಡೆಸಿಕೊಂಡು ಹೊರಗೆ ಕರೆದೊಯ್ಯಲು ಹೋದರೆ ದಾರಿಯಲ್ಲಿ ಬಿದ್ದು ಪೆಟ್ಟಾಗುತ್ತದೆ. ಖಾಲಿ ಹೊಟ್ಟೆ, ಸೆಖೆ, ಗಾಳಿಯಾಡದ ಕೋಣೆ, ಈ ಮೂರನ್ನು ತಪ್ಪಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇದಾದ ಮೇಲೆ ಯಾವುದು?

ಶ್ವಾಸಕೋಶ ಸಿಕ್ಕಿದ್ದರೆ ಅದೇ ಸುಲಭ. ದೊಡ್ಡ ಪಾರದರ್ಶಕ ಚೀಲದೊಳಗಿಟ್ಟು, ಶ್ವಾಸನಾಳಕ್ಕೆ ಕೊಳವೆ ಕಟ್ಟಿ, ಕಾಲಿನ ಪಂಪಿನಿಂದ ಗಾಳಿ ತುಂಬಿಸಿ. ಬಾಯಿಂದ ಊದುವುದು ಖಂಡಿತ ಬೇಡ. ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿದರೆ ತೇಲುತ್ತದೆ. ಕುರಿ, ಮೇಕೆ, ಹಂದಿಯಲ್ಲಿ ಬಲ ಶ್ವಾಸಕೋಶದ ಮೇಲಿನ ಹಾಲೆಗೆ ಶ್ವಾಸನಾಳದಿಂದಲೇ ನೇರವಾಗಿ ಒಂದು ಕವಲು ಹೋಗುತ್ತದೆ. ಮನುಷ್ಯನಲ್ಲಿ ಸಾಮಾನ್ಯವಾಗಿ ಅದಿಲ್ಲ.

ಕಣ್ಣು ಇನ್ನೂ ಚೆಂದ, ಆದರೆ ಜೋಪಾನ. ಫ್ರೀಜ್ ಮಾಡಿದ ಕಣ್ಣು ಚೆನ್ನಾಗಿ ಬರುವುದಿಲ್ಲ, ತಾಜಾ ಬೇಕು. ಮೊದಲ ಕೊಯ್ತಕ್ಕೆ ದ್ರವ ಚಿಮ್ಮುತ್ತದೆ. ಕುರಿ, ಮೇಕೆಯ ಕಣ್ಣಿನ ಒಳಗೆ ನೀಲಿ-ಹಸಿರು ಹೊಳಪಿನ ಪದರ ನೋಡಿ ಮಕ್ಕಳು ಬೆರಗಾಗುತ್ತಾರೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಈ ಪದರ ಮನುಷ್ಯನಿಗಿಲ್ಲ. ಅಕ್ಷಿಪಟಲ, ಅಂದರೆ ಬೆಳಕನ್ನು ಗ್ರಹಿಸುವ ತೆಳು ಪರದೆ, ಸುಲಿದು ಬರುತ್ತದೆ. ಹಿಂದೆ ಒಂದೇ ಕಡೆ ಗಟ್ಟಿಯಾಗಿ ಅಂಟಿರುತ್ತದೆ. ನರ ಹೊರಡುವ ಆ ಜಾಗವೇ ಕುರುಡು ಚುಕ್ಕೆ. ಮೆದುಳು, ಬೆನ್ನುಹುರಿ ಮಾತ್ರ ತರಗತಿಗೆ ತರಬೇಡಿ. ಹುಚ್ಚು ಹಸು ರೋಗದ ಕುಟುಂಬದ ಕಾಯಿಲೆಗಳನ್ನು ತಡೆಯಲು ಯುರೋಪಿಯನ್ ಒಕ್ಕೂಟದಲ್ಲಿ ಒಂದು ವರ್ಷ ದಾಟಿದ ದನಗಳ ಮೆದುಳು, ಬೆನ್ನುಹುರಿಯ ಜೊತೆಗೆ ಕಣ್ಣಿಗೂ ನಿರ್ಬಂಧವಿದೆ. ಕಣ್ಣು ತರಿಸುವ ಮುಂಚೆ ನಿಮ್ಮ ಕಡೆ ಏನು ನಿಯಮವಿದೆ ಅಂತ ಕೇಳಿಕೊಳ್ಳಿ.